ಹಳೆ ಕಾರಿಗೊಂದು ನಾಲ್ಕನೇ ಗೇರು

ಆಗಸ್ಟ್ ತಿಂಗಳ ಮೂರನೇ ಶನಿವಾರ ಬಂತೆಂದರೆ ಅಮೆರಿಕದ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂ ರಥಬೀದಿಯಾಗುತ್ತದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ರಸ್ತೆಯ ಎರಡೂ ಬದಿಯಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಎದುರಿಗೆ ಇಂಪಾಲಾ, ಶೆವೆಲ್, ಮಸ್ಟಾಂಗ್, ಚಾರ್ಜರ್‌ಗಳು ತೇರಿನ ವೇಗದಲ್ಲಿ ಸಾಗುತ್ತವೆ. 1995ರಲ್ಲಿ ಆರಂಭವಾದ ಈ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ ಐವತ್ತು–ಅರವತ್ತು ವರ್ಷದ ಕಾರುಗಳಿಗೂ ಯಾವ ಕಷ್ಟವಿಲ್ಲ. ಅಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಷ್ಟ ಶುರುವಾಗುವುದು ಸಂಜೆ, ಮನೆಗೆ ಹೋಗಲು ಐ-75 ಹೆದ್ದಾರಿ ಹತ್ತಿದ ಮೇಲೆ.

ಅಂಥ ಒಂದು ಕಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 1970ರ ಶೆವರ್ಲೆ ಶೆವೆಲ್. 350 ಘನ ಇಂಚಿನ ವಿ8 ಎಂಜಿನ್, ಮೂರು ಗೇರಿನ ಟಿಎಚ್350 ಆಟೊಮ್ಯಾಟಿಕ್, ಹಿಂದೆ 3.73 ಅನುಪಾತದ ಡಿಫರೆನ್ಷಿಯಲ್, 26 ಇಂಚು ಎತ್ತರದ ಟೈರು. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿ.ಮೀ. ವೇಗಕ್ಕೆ ಬಂದಾಗ ಎಂಜಿನ್ ನಿಮಿಷಕ್ಕೆ 3,370 ಸುತ್ತು ತಿರುಗುತ್ತಿರುತ್ತದೆ. ಪಕ್ಕದವರೊಡನೆ ಮಾತನಾಡಬೇಕಾದರೆ ದನಿ ಎತ್ತಬೇಕು. ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಮಾಲೀಕನ ಕೈ ಅಭ್ಯಾಸಬಲದಿಂದ ಗೇರ್ ಲಿವರ್ ಕಡೆ ಹೋಗುತ್ತದೆ, ಮೂರರ ಆಚೆಗೆ ಏನೂ ಇಲ್ಲವೆಂದು ನೆನಪಾಗಿ ವಾಪಸು ಬರುತ್ತದೆ.

ಆ ಇಲ್ಲದ ನಾಲ್ಕನೇ ಗೇರನ್ನು ಹುಡುಕಿಕೊಂಡು ಹೋದವರ ಕಥೆ ಇದು. ಅಮೆರಿಕದ ಹಳೆ ಕಾರುಗಳ ಲೋಕದಲ್ಲಿ ಮೂಲ ಗೇರ್‌ಬಾಕ್ಸ್ ಇಳಿಸಿ ಓವರ್‌ಡ್ರೈವ್ ಇರುವ ಆಟೊಮ್ಯಾಟಿಕ್ ಕೂರಿಸುವುದು ಈಗ ದಿನನಿತ್ಯದ ಕೆಲಸ. ಆದರೂ ಯಾವುದನ್ನು ಕೂರಿಸಬೇಕು ಎಂಬ ಪ್ರಶ್ನೆಗೆ ಗ್ಯಾರೇಜಿಗೊಂದು ಉತ್ತರ. ಹೆಚ್ಚಿನವರು ಹೆಸರು ನೋಡಿ ಆರಿಸುತ್ತಾರೆ, ಎಷ್ಟು ಅಶ್ವಶಕ್ತಿ ತಡೆಯುತ್ತದೆ ಎಂದು ಕೇಳಿ ಆರಿಸುತ್ತಾರೆ. ಲೆಕ್ಕ ಹಾಕಿ, ಟೇಪು ಹಿಡಿದು ಅಳೆದು ಆರಿಸುವವರು ಕಡಿಮೆ. ಅವರ ಕಾರುಗಳು ಮಾತ್ರ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತವೆ.

ತೈಲ ಬಿಕ್ಕಟ್ಟಿನ ಕೂಸು

ಓವರ್‌ಡ್ರೈವ್ ಎಂದರೆ ಬ್ರಹ್ಮವಿದ್ಯೆಯಲ್ಲ. ಹಳೆಯ ಗೇರ್‌ಬಾಕ್ಸಿನ ಮೂರನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದು ಸುತ್ತು ತಿರುಗುತ್ತದೆ. ಓವರ್‌ಡ್ರೈವ್ ಗೇರಿನ ಅನುಪಾತ 0.70 ಎಂದಾದರೆ, ಎಂಜಿನ್ ಏಳು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಹತ್ತು ಸುತ್ತು ಮುಗಿಸಿರುತ್ತದೆ. ಕಾರಿನ ವೇಗ ಅಷ್ಟೇ ಇರುತ್ತದೆ, ಎಂಜಿನ್ನಿನ ದುಡಿತ ಇಳಿಯುತ್ತದೆ.

ಈ ಉಪಾಯ ಅಮೆರಿಕದವರಿಗೆ ಹೊಸತೇನಲ್ಲ. ಕೈಯಿಂದ ಗೇರು ಬದಲಿಸುವ ಕಾರುಗಳಿಗೆ 1934ರಲ್ಲೇ ಕ್ರೈಸ್ಲರ್ ಏರ್‌ಫ್ಲೋದಲ್ಲಿ ಓವರ್‌ಡ್ರೈವ್ ಬಂದಿತ್ತು. ಆಟೊಮ್ಯಾಟಿಕ್‌ಗಳ ದಾರಿ ಬೇರೆಯಾಯಿತು. 1940ರ ಓಲ್ಡ್ಸ್‌ಮೊಬೀಲ್ ಕಾರಿನೊಂದಿಗೆ ಜನರಲ್ ಮೋಟರ್ಸ್ ತಂದ ಹೈಡ್ರಾಮ್ಯಾಟಿಕ್, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್. ಅದಕ್ಕೆ ನಾಲ್ಕು ಗೇರುಗಳಿದ್ದವು, ಆದರೆ ನಾಲ್ಕನೆಯದು ಒಂದಕ್ಕೊಂದರ ನೇರ ಗೇರು. 1950ರಲ್ಲಿ ಶೆವರ್ಲೆ ತಂದ ಪವರ್‌ಗ್ಲೈಡ್‌ಗೆ ಎರಡೇ ಗೇರು. 1964ರ ಟಿಎಚ್400, 1969ರ ಟಿಎಚ್350 ಮೂರು ಗೇರಿನವು. ಪೆಟ್ರೋಲ್ ಅಗ್ಗವಾಗಿತ್ತು, ಎಂಜಿನ್ ದೊಡ್ಡದಿತ್ತು. ನಾಲ್ಕನೆಯ ಗೇರು ಬೇಕೆಂದು ಕೇಳಿದವರಿಲ್ಲ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಸರಬರಾಜು ನಿಲ್ಲಿಸಿದಾಗ ಲೆಕ್ಕ ತಲೆಕೆಳಗಾಯಿತು. ಮರುವರ್ಷ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. 1975ರ ಕಾನೂನು ಕಾರು ಕಂಪನಿಗಳಿಗೆ ಸರಾಸರಿ ಮೈಲೇಜಿನ ಗುರಿ ಹೇರಿತು: 1978ರ ಕಾರುಗಳಿಗೆ ಗ್ಯಾಲನ್‌ಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ. ಆ ಒತ್ತಡದಲ್ಲಿ ಹುಟ್ಟಿದ್ದು ಓವರ್‌ಡ್ರೈವ್ ಆಟೊಮ್ಯಾಟಿಕ್‌ಗಳು. ಫೋರ್ಡ್ 1980ರಲ್ಲಿ ಎಒಡಿ ತಂದಿತು. ಜನರಲ್ ಮೋಟರ್ಸ್ 1981ರಲ್ಲಿ 200-4ಆರ್, 1982ರಲ್ಲಿ 700ಆರ್4 ಹೊರತಂದಿತು. ದೊಡ್ಡ ಎಂಜಿನ್ನಿನ ಕಾರುಗಳ ಕಾಲ ಮುಗಿಯಿತೆಂದು ಎಲ್ಲರೂ ಬರೆಯುತ್ತಿದ್ದಾಗ ಹುಟ್ಟಿದ ಈ ಉಳಿತಾಯದ ಯಂತ್ರಗಳೇ ಇಂದು ಆ ಕಾರುಗಳನ್ನು ಹೆದ್ದಾರಿಯಲ್ಲಿ ಉಳಿಸಿವೆ.

ಒಂದು ಕಾರಿನ ಗೇರ್‌ಬಾಕ್ಸನ್ನು ಇನ್ನೊಂದಕ್ಕೆ ಕೂರಿಸುವ ಕೆಲಸಕ್ಕೂ ಹಳೆಯ ಚರಿತ್ರೆಯಿದೆ. 1953ರ ಆಗಸ್ಟ್ 12ರಂದು ಮಿಶಿಗನ್‌ನ ಲಿವೋನಿಯಾದಲ್ಲಿದ್ದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಕ್ಯಾಡಿಲಾಕ್, ಓಲ್ಡ್ಸ್‌ಮೊಬೀಲ್‌ಗಳಿಗೆ ಗೇರ್‌ಬಾಕ್ಸೇ ಇಲ್ಲ! ಆಗ ಜನರಲ್ ಮೋಟರ್ಸ್ ಕಂಪನಿಯೇ ಬ್ಯೂಕ್ ಕಾರಿನ ಡೈನಾಫ್ಲೋವನ್ನು ಅವುಗಳಿಗೆ, ಶೆವರ್ಲೆಯ ಪವರ್‌ಗ್ಲೈಡನ್ನು ಪಾಂಟಿಯಾಕ್‌ಗೆ ಕೂರಿಸಿ ಮಾರಿತು. ಇಂದಿನ ಹವ್ಯಾಸಿ ಮನೆಯ ಗ್ಯಾರೇಜಿನಲ್ಲಿ ಮಾಡುವುದನ್ನು ಅಂದು ಕಂಪನಿ ಅನಿವಾರ್ಯಕ್ಕೆ ಸಿಕ್ಕಿ ಮಾಡಿತ್ತು.

ಹಿಂದಿನ ಚಕ್ರದಿಂದ ಮುಂದಕ್ಕೆ

ಗೇರ್‌ಬಾಕ್ಸ್ ಆರಿಸುವವರು ಮೊದಲು ಬಾನೆಟ್ ಎತ್ತುತ್ತಾರೆ. ಎತ್ತಬೇಕಾದ್ದು ಕಾರಿನ ಹಿಂಭಾಗವನ್ನು. ಡಿಫರೆನ್ಷಿಯಲ್ ಅನುಪಾತ ಎಷ್ಟು, ಟೈರಿನ ಎತ್ತರ ಎಷ್ಟು ಎಂಬ ಎರಡು ಅಂಕಿ ಗೊತ್ತಿಲ್ಲದೆ ಮುಂದಿನ ಮಾತೆಲ್ಲ ಗಾಳಿಮಾತು. ಸೂತ್ರ ಸುಲಭ: ಗಂಟೆಗೆ ಎಷ್ಟು ಮೈಲಿಯೋ ಅದನ್ನು ಡಿಫರೆನ್ಷಿಯಲ್ ಅನುಪಾತದಿಂದಲೂ ಗೇರಿನ ಅನುಪಾತದಿಂದಲೂ 336ರಿಂದಲೂ ಗುಣಿಸಿ, ಇಂಚಿನಲ್ಲಿ ಟೈರಿನ ಎತ್ತರದಿಂದ ಭಾಗಿಸಿದರೆ ಎಂಜಿನ್ನಿನ ಆರ್‌ಪಿಎಂ ಸಿಗುತ್ತದೆ.

ನಮ್ಮ ಶೆವೆಲ್‌ಗೆ ಇದನ್ನು ಹಚ್ಚಿ ನೋಡಿ. 70 ಮೈಲಿ ವೇಗ, 3.73 ಡಿಫರೆನ್ಷಿಯಲ್. ಮೂರನೇ ಗೇರಿನಲ್ಲಿ 3,370 ಇದ್ದದ್ದು 700ಆರ್4ರ 0.70 ಓವರ್‌ಡ್ರೈವ್‌ನಲ್ಲಿ 2,360ಕ್ಕೆ ಇಳಿಯುತ್ತದೆ, 200-4ಆರ್‌ನ 0.67ರಲ್ಲಿ 2,260ಕ್ಕೆ. ಒಂದೇ ಏಟಿಗೆ ಸಾವಿರಕ್ಕೂ ಮಿಕ್ಕಿ ಸುತ್ತುಗಳ ಉಳಿತಾಯ.

ಈಗ ಡಿಫರೆನ್ಷಿಯಲ್ 3.08 ಎಂದಿಟ್ಟುಕೊಳ್ಳಿ. ಮೂರು ಗೇರಿನ ಪೆಟ್ಟಿಗೆಯಲ್ಲೇ 70 ಮೈಲಿಗೆ 2,790 ಆರ್‌ಪಿಎಂ, ಅದೇನು ಭಾರೀ ಕಿರುಚಾಟವಲ್ಲ. ಇದಕ್ಕೆ ಓವರ್‌ಡ್ರೈವ್ ಸೇರಿಸಿದರೆ 0.70ರಲ್ಲಿ 1,950, 0.67ರಲ್ಲಿ 1,870. ಮಾಮೂಲು ಎಂಜಿನ್ ಇದನ್ನು ತಾಳಿಕೊಂಡೀತು. ರೇಸಿನ ಆಸೆಗೆ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿಸಿಕೊಂಡ ಎಂಜಿನ್‌ಗೆ ಅಷ್ಟು ಕೆಳಗೆ ಉಸಿರು ಸಾಲದು. ಸಣ್ಣ ಏರು ಬಂದರೂ ಗೇರ್‌ಬಾಕ್ಸ್ ಮೂರಕ್ಕೆ ಇಳಿಯುತ್ತದೆ, ಸಮತಟ್ಟು ಬಂದರೆ ನಾಲ್ಕಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಅಂಥ ಕಾರಿನಲ್ಲಿ ಕೂತವರಿಗೆ ಓವರ್‌ಡ್ರೈವ್ ಇಲ್ಲದ ಕಾಲವೇ ಚೆನ್ನಾಗಿತ್ತು ಅನಿಸಿದರೆ ತಪ್ಪಲ್ಲ.

ಅಣ್ಣತಮ್ಮಂದಿರು ಇಬ್ಬರು

ಕಾರ್ಬ್ಯುರೇಟರ್ ಇರುವ, ಕಂಪ್ಯೂಟರ್ ಗಂಧವಿಲ್ಲದ ಶೆವರ್ಲೆಗೆ ಆಯ್ಕೆ ಬಂದು ನಿಲ್ಲುವುದು 700ಆರ್4 ಮತ್ತು 200-4ಆರ್ ನಡುವೆ. ಒಂದೇ ಮನೆಯ ಮಕ್ಕಳಾದರೂ ಸ್ವಭಾವ ಬೇರೆ.

700ಆರ್4ರ ಗೇರುಗಳು ಹೀಗಿವೆ: 3.06, 1.63, 1.00, 0.70. ಮೊದಲ ಗೇರು ಬಲು ಗಡಸು. ಟಿಎಚ್350ರ ಮೊದಲ ಗೇರು 2.52. ಇಲ್ಲೊಂದು ಸೊಗಸಾದ ಲೆಕ್ಕವಿದೆ. 2.52 ಅನ್ನು 3.73ರಿಂದ ಗುಣಿಸಿದರೆ 9.40, 3.06 ಅನ್ನು 3.08ರಿಂದ ಗುಣಿಸಿದರೆ 9.42. ಅಂದರೆ 3.08 ಡಿಫರೆನ್ಷಿಯಲ್‌ನ ಸಾಧು ಕಾರು 700ಆರ್4 ಕೂರಿಸಿಕೊಂಡರೆ, ನಿಂತಲ್ಲಿಂದ ಹೊರಡುವಾಗ 3.73 ಹಾಕಿಸಿಕೊಂಡ ಪೋಕರಿ ಕಾರಿನಷ್ಟೇ ಜಿಗಿಯುತ್ತದೆ. ಹಿಂದಿನ ಡಿಫರೆನ್ಷಿಯಲ್ ಬಿಚ್ಚುವ ಖರ್ಚೇ ಇಲ್ಲ. ಅದೇ 700ಆರ್4ನ್ನು 3.73ರ ಮುಂದೆ ಕೂರಿಸಿದರೆ ಒಟ್ಟು ಅನುಪಾತ 11.41. ಹೊರಟ ಎರಡು ಕ್ಷಣಕ್ಕೇ ಮೊದಲ ಗೇರು ಮುಗಿದುಹೋಗುತ್ತದೆ. ಎರಡನೆಯದಕ್ಕೆ ಬಿದ್ದಾಗ ದೊಡ್ಡ ಕಂದಕ: 5,000 ಆರ್‌ಪಿಎಂನಲ್ಲಿ ಗೇರು ಬದಲಾದರೆ ಎಂಜಿನ್ 2,660ಕ್ಕೆ ಕುಸಿಯುತ್ತದೆ.

200-4ಆರ್‌ನ ಗೇರುಗಳು 2.74, 1.57, 1.00, 0.67. ಮೆಟ್ಟಿಲುಗಳು ಹತ್ತಿರ ಹತ್ತಿರ. 5,000ದಲ್ಲಿ ಬದಲಾದರೆ 2,865ರಲ್ಲಿ ನಿಲ್ಲುತ್ತದೆ. 3.73ರಂಥ ಡಿಫರೆನ್ಷಿಯಲ್‌ಗೆ ಹೇಳಿ ಮಾಡಿಸಿದ ಜೋಡಿ. ಇದರ ಹಿಂದಿನ ಮೂರು ಗೇರಿನ ಟಿಎಚ್200 ಬೇಗ ಕೆಡುತ್ತದೆಂದು ಹೆಸರು ಕೆಡಿಸಿಕೊಂಡಿದ್ದರಿಂದ ಹೆಸರಿನಲ್ಲಿ 200 ಕಂಡೊಡನೆ ಮೂಗು ಮುರಿಯುವವರಿದ್ದಾರೆ. ಅವರಿಗೆ ಉತ್ತರ 1987ರ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್. ಟರ್ಬೊ ಹಾಕಿದ ವಿ6, 245 ಅಶ್ವಶಕ್ತಿ, 355 ಪೌಂಡ್-ಅಡಿ ಟಾರ್ಕ್. ಆ ಕಾಲದ ಅತಿ ವೇಗದ ಅಮೆರಿಕನ್ ಕಾರುಗಳಲ್ಲಿ ಒಂದು. ಅದರ ಹೊಟ್ಟೆಯಲ್ಲಿದ್ದದ್ದು 200-4ಆರ್.

700ಆರ್4 ಕೂಡ ಹುಟ್ಟಿದಾಗ ಗಟ್ಟಿಯೇನಲ್ಲ. ಆರಂಭದವುಗಳ ಇನ್‌ಪುಟ್ ಶಾಫ್ಟ್‌ಗೆ 27 ಹಲ್ಲು, ಮುರಿಯುತ್ತಿತ್ತು. ಅನಂತರ 30 ಹಲ್ಲಿನದು ಬಂತು. ಗುಜರಿಯಿಂದ ತರುವವರು 1987ರ ನಂತರದ್ದನ್ನೇ ಹುಡುಕುವುದು ಇದಕ್ಕೇ. ಆಗಲೂ ಮೂರು–ನಾಲ್ಕನೇ ಗೇರಿನ ಕ್ಲಚ್ ಪ್ಲೇಟುಗಳು ಅದರ ದುರ್ಬಲ ಜಾಗ, ಬಿಚ್ಚಿ ಕಟ್ಟುವ ಮಿಸ್ತ್ರಿ ಮೊದಲು ನೋಡುವುದು ಅಲ್ಲೇ. 1990ರಲ್ಲಿ ಇದೇ ಪೆಟ್ಟಿಗೆಗೆ 4ಎಲ್60 ಎಂದು ಮರುನಾಮಕರಣವಾಯಿತು.

ಇನ್ನು ಅಳತೆ. ಚಿಕ್ಕ ಬಾಲದ ಟಿಎಚ್350 ಎಷ್ಟು ಉದ್ದವೋ 200-4ಆರ್ ಕೂಡ ಅಷ್ಟೇ, ಸುಮಾರು 27.7 ಇಂಚು. ಪ್ರೊಪೆಲ್ಲರ್ ಶಾಫ್ಟನ್ನು ಮುಟ್ಟದೆ ಕೆಲಸ ಮುಗಿಯಬಹುದು. ಅಡಿಯಿಂದ ಹೊತ್ತುಕೊಳ್ಳುವ ಅಡ್ಡಪಟ್ಟಿಯನ್ನು ಮಾತ್ರ ಹಿಂದಕ್ಕೆ ಸರಿಸಬೇಕು. 700ಆರ್4 ಉದ್ದ 30.75 ಇಂಚು. ಶಾಫ್ಟನ್ನು ಮೂರು ಇಂಚಿನಷ್ಟು ಕತ್ತರಿಸಿ, ಬೆಸೆದು, ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಟಿಎಚ್350ರಲ್ಲೇ ಉದ್ದ ಬಾಲದ್ದೂ ಇದೆ. ನಿಮ್ಮ ಕಾರಿನಲ್ಲಿರುವುದು ಅದಾದರೆ ಲೆಕ್ಕ ತಿರುವುಮುರುವು. ಆದ್ದರಿಂದ ಯಾರದೋ ಕಾರಿನ ಅಳತೆ ನಂಬಬೇಡಿ, ನಿಮ್ಮ ಕಾರಿನಡಿ ಟೇಪು ಹಿಡಿಯಿರಿ. 200-4ಆರ್‌ನ ಇನ್ನೊಂದು ಅನುಕೂಲ, ಅದರ ಮುಂಭಾಗದ ಬೋಲ್ಟ್ ರಂಧ್ರಗಳು ಶೆವರ್ಲೆಗೂ ಹೊಂದುತ್ತವೆ. ಬ್ಯೂಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್‌ಗಳಿಗೂ ಹೊಂದುತ್ತವೆ. ಹಳೆ ಪಾಂಟಿಯಾಕ್ ಇಟ್ಟುಕೊಂಡವರಿಗೆ ಇಷ್ಟೇ ಕಾರಣ ಸಾಕು.

ಒಂದು ಕೇಬಲ್ಲಿನ ಕಥೆ

ಈ ಎರಡೂ ಪೆಟ್ಟಿಗೆಗಳ ಆಯುಷ್ಯ ನಿಂತಿರುವುದು ಒಂದು ತೆಳು ಕೇಬಲ್ಲಿನ ಮೇಲೆ. ಪೂರ್ಣ ಹೆಸರು ಥ್ರಾಟಲ್ ವಾಲ್ವ್ ಕೇಬಲ್. ಗ್ಯಾರೇಜಿನ ಬಾಯಲ್ಲಿ ಟಿವಿ ಕೇಬಲ್. ನಮ್ಮ ಮನೆಗಳಿಗೆ ಧಾರಾವಾಹಿ ತರುತ್ತಿದ್ದ ಕೇಬಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಇದು ತಪ್ಪಿದರೆ ಆಗುವ ರಂಪಾಟ ಮಾತ್ರ ಅದಕ್ಕೇನೂ ಕಡಿಮೆಯಲ್ಲ.

ಟಿಎಚ್350ರಲ್ಲೂ ಕಾರ್ಬ್ಯುರೇಟರ್‌ನಿಂದ ಒಂದು ಕೇಬಲ್ ಬರುತ್ತದೆ. ಅದರ ಕೆಲಸ ಒಂದೇ, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಸುವುದು. ಅದು ತುಂಡಾದರೂ ಕಾರು ಮನೆ ಸೇರುತ್ತದೆ. ಟಿವಿ ಕೇಬಲ್ ಹಾಗಲ್ಲ. ಎಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಗೇರ್‌ಬಾಕ್ಸಿಗೆ ತಿಳಿಸುತ್ತದೆ. ಆ ಸುದ್ದಿಯನ್ನು ನೆಚ್ಚಿ ಒಳಗಿನ ಎಣ್ಣೆಯ ಒತ್ತಡ ಏರುತ್ತದೆ, ಇಳಿಯುತ್ತದೆ. ಕೇಬಲ್ ಸಡಿಲಿದ್ದರೆ ಎಂಜಿನ್ ಪೂರ್ತಿ ದುಡಿಯುತ್ತಿದ್ದರೂ ಗೇರ್‌ಬಾಕ್ಸ್ ಕಾರು ಆರಾಮವಾಗಿ ಹೋಗುತ್ತಿದೆ ಎಂದೇ ತಿಳಿಯುತ್ತದೆ. ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತವೆ, ಜಾರಿದ್ದು ಸುಡುತ್ತದೆ. ಹೊಸದಾಗಿ ಕಟ್ಟಿದ ಪೆಟ್ಟಿಗೆ ಕೆಲವೇ ಮೈಲಿಗಳಲ್ಲಿ ಕರಕಲಾಗಲು ಇಷ್ಟು ಸಾಕು. ಎರಡೂ ಕೇಬಲ್ ಒಂದೇ ಎಂದುಕೊಂಡು ಅಂದಾಜಿಗೆ ಸಿಕ್ಕಿಸಿದವರು ದಂಡ ತೆತ್ತಿದ್ದಾರೆ. 700ಆರ್4 ಕೆಟ್ಟ ಪೆಟ್ಟಿಗೆ ಎಂಬ ದೂರಿನಲ್ಲಿ ಒಂದು ಪಾಲು ಈ ಕೇಬಲ್ಲಿಗೆ ಸೇರಬೇಕಾದ್ದು.

ಕಂಪನಿಯಿಂದ ಬಂದ ರಾಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಇದ್ದರೆ ಕೇಬಲ್ ಎಳೆಯುವ ಲಿವರಿನ ಅಳತೆ ಸರಿಯಾಗಿಯೇ ಇರುತ್ತದೆ. ಹಾಲಿ, ಎಡಲ್‌ಬ್ರಾಕ್ ಕಾರ್ಬ್ಯುರೇಟರ್‌ಗಳ ಲಿವರು ಬೇರೆ ಕೋನದಲ್ಲಿ ಎಳೆಯುವುದರಿಂದ ಅದನ್ನು ತಿದ್ದುವ ಬ್ರಾಕೆಟ್ ಹಾಕಲೇಬೇಕು. ಕೊನೆಗೆ ಪ್ರೆಷರ್ ಗೇಜ್ ಜೋಡಿಸಿ ಒತ್ತಡ ನೋಡಬೇಕು. ಕೋಟಿ ಕೊಟ್ಟು ಕುದುರೆ ಕೊಂಡು ಲಗಾಮಿಗೆ ಜಿಪುಣತನ ಮಾಡಿದಂತೆ, ಪೆಟ್ಟಿಗೆಗೆ ಸಾವಿರಾರು ಡಾಲರ್ ಸುರಿದು ಈ ಬ್ರಾಕೆಟ್ಟಿನಲ್ಲಿ ಉಳಿಸಲು ಹೋಗುವವರು ಇದ್ದೇ ಇದ್ದಾರೆ.

ಮೂಗುತಿ ಭಾರವಾದಾಗ

ಕೇಬಲ್ಲಿನ ತಂಟೆಯೇ ಬೇಡ ಎನ್ನುವವರಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿವೆ. 1993ರಲ್ಲಿ ಬಂದ 4ಎಲ್60ಇ, 700ಆರ್4ರದೇ ವಂಶ, ಗೇರುಗಳೂ ಅವೇ. ಹೆಸರಿನಲ್ಲೇ ಜಾತಕವಿದೆ: ನಾಲ್ಕು ಗೇರು, ಎಂಜಿನ್ ಉದ್ದಕ್ಕೆ ಕೂರುವ ಕಾರಿನದು, 60 ಎಂಬುದು ತಾಕತ್ತಿನ ದರ್ಜೆ, ಕೊನೆಯ ಇ ಎಲೆಕ್ಟ್ರಾನಿಕ್ಸ್. 1991ರಲ್ಲಿ ಬಂದ 4ಎಲ್80ಇ ಹಳೆಯ ಟಿಎಚ್400ರ ಮಗ. 2.48, 1.48, 1.00ರ ಜೊತೆಗೆ 0.75ರ ಓವರ್‌ಡ್ರೈವ್. ದೊಡ್ಡ ಟ್ರಕ್ಕುಗಳಿಗೆಂದು ಮಾಡಿದ್ದು, ರೋಲ್ಸ್‌ರಾಯ್ಸ್ ಕೂಡ ಕೊಂಡು ಬಳಸಿತು.

ಬಲದಲ್ಲಿ ಇದಕ್ಕೆ ಸಾಟಿಯಿಲ್ಲ ಎಂದು ಕೇಳಿದವರು ಎಲ್ಲ ಕಾರಿಗೂ ಇದೇ ಬೇಕೆನ್ನುತ್ತಾರೆ. ಎಣ್ಣೆಯಿಲ್ಲದೆಯೇ ಇದು ನೂರು ಕೆ.ಜಿ. ದಾಟುತ್ತದೆ. ಹಳೆ ಕಾರಿನ ನೆಲದ ಉಬ್ಬಿನೊಳಗೆ ಸುಲಭವಾಗಿ ಹೋಗುವುದಿಲ್ಲ, ಕೆಲವೆಡೆ ತಗಡು ಬಡಿದು ಹಿಗ್ಗಿಸಬೇಕು. ಟಿಎಚ್350, 700ಆರ್4, 200-4ಆರ್‌ಗಳ ಹಿಂಬದಿಗೆ 27 ಹಲ್ಲಿನ ಯೋಕ್ ಸಾಕು. ಇದಕ್ಕೆ 32 ಹಲ್ಲಿನದು ಬೇಕು. ನಡೆಸಲು ಪ್ರತ್ಯೇಕ ಕಂಟ್ರೋಲರ್ ಬೇಕು. ಕಾರ್ಬ್ಯುರೇಟರ್ ಎಷ್ಟು ತೆರೆದಿದೆಯೆಂದು ಹೇಳುವ ಸೆನ್ಸರ್ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ಶೆವೆಲ್ 70 ಮೈಲಿಗೆ 2,530 ಆರ್‌ಪಿಎಂನಲ್ಲಿ ಓಡುತ್ತದೆ, ಆ ಇಬ್ಬರು ಅಣ್ಣತಮ್ಮಂದಿರಿಗಿಂತ ಜಾಸ್ತಿ. 454 ಘನ ಇಂಚಿನ ದೈತ್ಯ ಎಂಜಿನ್ನಿಗೆ, ಟ್ರೇಲರ್ ಎಳೆಯುವವರಿಗೆ ಇದು ಸರಿ. ಭಾನುವಾರ ಮೊಮ್ಮಕ್ಕಳನ್ನು ಐಸ್‌ಕ್ರೀಮಿಗೆ ಕರೆದೊಯ್ಯುವ 350ಕ್ಕೆ ಮೂಗಿಗಿಂತ ಮೂಗುತಿ ಭಾರ.

ಫೋರ್ಡ್ ದಾರಿ, ಕ್ರೈಸ್ಲರ್ ದಾರಿ

ಫೋರ್ಡ್ ಪಾಳಯದಲ್ಲಿ ಎಒಡಿಯದು ವಿಚಿತ್ರ ಜಾಣ್ಮೆ. ಅದರ ಒಳಗೆ ಎಂಜಿನ್ನಿಗೆ ನೇರ ಜೋಡಿಸಿದ ಎರಡನೇ ಶಾಫ್ಟ್ ಒಂದಿದೆ. ಓವರ್‌ಡ್ರೈವ್‌ನಲ್ಲಿ ಶಕ್ತಿಯೆಲ್ಲ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಒಯ್ಯುವ ಟಾರ್ಕ್ ಕನ್ವರ್ಟರನ್ನು ಬದಿಗಿಟ್ಟು, ಆ ಶಾಫ್ಟಿನ ಮೂಲಕವೇ ಹೋಗುತ್ತದೆ, ಮೂರನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು. ಗೇರುಗಳು 2.40, 1.47, 1.00, 0.67. ಮೊದಲ ಗೇರು ಸಪ್ಪೆ ಎಂಬ ದೂರಿತ್ತು. 1993ರ ಸುಮಾರಿಗೆ ಬಂದ ಎಲೆಕ್ಟ್ರಾನಿಕ್ 4ಆರ್70ಡಬ್ಲ್ಯೂ ಅದನ್ನು 2.84ಕ್ಕೆ ಏರಿಸಿತು. ಅರವತ್ತರ ದಶಕದ ಮಸ್ಟಾಂಗ್‌ಗೆ ಕಂಪ್ಯೂಟರ್ ಬೇಡವೆಂದರೆ ಎಒಡಿ, ಬೇಕೆಂದರೆ 4ಆರ್70ಡಬ್ಲ್ಯೂ.

ಕ್ರೈಸ್ಲರ್‌ನವರದು ಕೂಡುಕುಟುಂಬದ ಪದ್ಧತಿ. ಹಳೆಯ ಮೂರು ಗೇರಿನ ಗಟ್ಟಿ ಪೆಟ್ಟಿಗೆಯ ಬೆನ್ನಿಗೆ 0.69ರ ಓವರ್‌ಡ್ರೈವ್ ಕೋಣೆ ಕಟ್ಟಿ ಎ518 ಮಾಡಿದರು. ಆ ಹಿಂದಿನ ಕೋಣೆಯೇ ದಪ್ಪ. ಹಳೆಯ ಡಾಜ್, ಪ್ಲಿಮತ್‌ಗಳಿಗೆ ಕೂರಿಸಲು ನೆಲದ ತಗಡು ಕೊಯ್ಯಬೇಕಾಗುತ್ತದೆ. ಕೊಯ್ಯಲು ಮನಸ್ಸಿಲ್ಲದವರಿಗೆ ಮೂಲ ಗೇರ್‌ಬಾಕ್ಸ್ ಉಳಿಸಿಕೊಂಡೇ ಹಿಂದೆ ಜೋಡಿಸುವ ಗೇರ್ ವೆಂಡರ್ಸ್ ಘಟಕವಿದೆ, ಅನುಪಾತ 0.78. ಉಳಿತಾಯ ಕಡಿಮೆ, ಕಾರಿನ ಮೂಲ ಅಂಗ ಮಾತ್ರ ಜಾಗದಲ್ಲೇ ಇರುತ್ತದೆ.

ಕೂರಿಸಿದ ಮೇಲೆ

ಪೆಟ್ಟಿಗೆ ಯಾವುದೇ ಇರಲಿ, ಕೆಡುವ ದಾರಿಗಳು ಕೆಲವೇ. ಮೊದಲನೆಯದು ಆತುರ. ಟಾರ್ಕ್ ಕನ್ವರ್ಟರ್ ಒಳಗಿನ ಪಂಪಿನ ಹಲ್ಲಿಗೆ ಪೂರ್ತಿ ಕೂರುವ ಮೊದಲೇ ಬೋಲ್ಟ್ ಬಿಗಿದು ಎಳೆದರೆ, ಎಂಜಿನ್ ಚಾಲೂ ಮಾಡಿದೊಡನೆ ಪಂಪು ಒಡೆಯುತ್ತದೆ. ಬೋಲ್ಟ್ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸರಾಗ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಕಾಲಂಗುಲಕ್ಕಿಂತ ಕಡಿಮೆ ಸಂದು ಉಳಿದಿರಬೇಕು.

ಎರಡನೆಯದು ಶಾಖ. ಕನ್ವರ್ಟರ್‌ನೊಳಗಿನ ಲಾಕಪ್ ಕ್ಲಚ್ಚಿಗೆ ವೈರ್ ಕೊಡದೆ ಹೆದ್ದಾರಿಗೆ ಹೋದರೆ ಎಣ್ಣೆ ಅರೆಯುತ್ತಲೇ ಇದ್ದು ಕಾಯುತ್ತದೆ. ಲಾಕಪ್‌ಗೆ ಸ್ವಿಚ್ಚು, ಬ್ರೇಕ್ ತುಳಿದಾಗ ಅದು ಬಿಡುವ ವ್ಯವಸ್ಥೆ, ರೇಡಿಯೇಟರ್ ಮುಂದೆ ಪ್ರತ್ಯೇಕ ಎಣ್ಣೆ ಕೂಲರ್, ಇವು ಮೂರೂ ಬೇಕು.

ಮೂರನೆಯದು ಹಲವರು ಮರೆಯುವ ಶಾಫ್ಟ್. ಓವರ್‌ಡ್ರೈವ್‌ನಲ್ಲಿ ಎಂಜಿನ್ 2,300ಕ್ಕೆ ತಣ್ಣಗಾಗಿದ್ದರೂ ಪ್ರೊಪೆಲ್ಲರ್ ಶಾಫ್ಟ್ ಮೊದಲಿನಂತೆ 3,370ರಲ್ಲೇ ತಿರುಗುತ್ತಿರುತ್ತದೆ. ಎಂಜಿನ್ ಗದ್ದಲದಲ್ಲಿ ಮುಚ್ಚಿಹೋಗಿದ್ದ ಅದರ ನಡುಕ ಈಗ ಕೇಳಿಸುತ್ತದೆ. ಹೊಸ ಗೇರ್‌ಬಾಕ್ಸ್ ಹಾಕಿದ ಮೇಲೆ ಕಾರು ಅದುರುತ್ತದೆ ಎನ್ನುವವರು ಮೊದಲು ನೋಡಬೇಕಾದ್ದು ಶಾಫ್ಟಿನ ಬ್ಯಾಲೆನ್ಸ್, ಯೂನಿವರ್ಸಲ್ ಜಾಯಿಂಟಿನ ಕೋನ.

ನಮ್ಮಲ್ಲಿ ಈ ಆಟ ನಡೆಯದು

ಡೆಟ್ರಾಯಿಟ್ ಸುತ್ತಲಿನ ವಾಹನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಇದನ್ನೆಲ್ಲ ಕಣ್ಣಾರೆ ಕಂಡವರು. ಊರಿಗೆ ಬಂದಾಗ ಇಲ್ಲಿನ ಹಳೆ ಇಂಪಾಲಾಕ್ಕೂ ಹೀಗೇ ಮಾಡಬಹುದಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಹಾದಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ವಿವರಗಳಿಂದ ದೂರ ಸರಿಯುವ ಮಾರ್ಪಾಡನ್ನು ತಡೆಯುತ್ತದೆ. 2021ರ ನಿಯಮಗಳ ಪ್ರಕಾರ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಕಾರಿಗೆ 50 ವರ್ಷ ದಾಟಿರಬೇಕು, ಅದು ಮೂಲ ರೂಪದಲ್ಲಿರಬೇಕು. ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿನಲ್ಲಿ ಜನ ನಿಂತು ನೋಡುವುದು ಕೂಡ ಆ ಮೂಲ ರೂಪವನ್ನೇ. ಅಮೆರಿಕದ ಹವ್ಯಾಸಿ ಕಾರನ್ನು ಓಡಿಸಲು ಉಳಿಸುತ್ತಾನೆ, ನಾವು ತೋರಿಸಲು ಉಳಿಸುತ್ತೇವೆ. ಅಲ್ಲಿಯೂ ಜಾಣರು ಇಳಿಸಿದ ಮೂಲ ಗೇರ್‌ಬಾಕ್ಸನ್ನು ಗುಜರಿಗೆ ಹಾಕುವುದಿಲ್ಲ. ಎಣ್ಣೆ ತುಂಬಿ, ಬಾಯಿಗೆ ಮುಚ್ಚಳ ಬಿಗಿದು, ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿರುತ್ತಾರೆ. ಕಾರು ಮಾರುವ ದಿನ ಅದಕ್ಕೂ ಬೆಲೆಯಿದೆ.

ನಮ್ಮ ಶೆವೆಲ್‌ಗೆ ತೀರ್ಪು ಹೇಳುವುದಾದರೆ: ಡಿಫರೆನ್ಷಿಯಲ್ 3.73 ಆಗಿದ್ದರೆ 200-4ಆರ್. 3.08 ಆಗಿದ್ದು ಎಂಜಿನ್ ಮಾಮೂಲಿನದಾದರೆ 700ಆರ್4, ಅದೂ 1987ರ ನಂತರದ್ದು. ಎಂಜಿನ್ 454 ಆಗಿದ್ದರೆ ಮಾತ್ರ 4ಎಲ್80ಇ. ಡಿಫರೆನ್ಷಿಯಲ್ ಎಷ್ಟು, ಟೈರು ಎಷ್ಟು ಎತ್ತರ ಎಂದು ಕೇಳದೆ ಗೇರ್‌ಬಾಕ್ಸ್ ಮಾರಲು ಬಂದವರ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.